ಮಂಗಳೂರಿನಲ್ಲಿ ಸೂರ್ಯ ಎಷ್ಟು ಹೊತ್ತಿಗೆ, ಎಲ್ಲಿ ಮುಳುಗುತ್ತಾನೆ: ಒಂದು ವರ್ಷ ಬರೆದಿಟ್ಟ ಲೆಕ್ಕ

ಡಿಸೆಂಬರ್ 21 ವರ್ಷದ ಅತಿ ಚಿಕ್ಕ ಹಗಲು, ಹಾಗಾಗಿ ಸೂರ್ಯ ಅವತ್ತೇ ಎಲ್ಲಕ್ಕಿಂತ ಬೇಗ ಮುಳುಗುತ್ತಾನೆ ಅಂತ ನಾನು ನಂಬಿದ್ದೆ. ಬೆಂಗಳೂರಿನಿಂದ ಅಕ್ಕ-ಭಾವ ಬಂದಿದ್ದರು. ಐದೂವರೆಗೆಲ್ಲ ಅವರನ್ನು ತಣ್ಣೀರುಬಾವಿ ಬೀಚಿಗೆ ಕರೆದುಕೊಂಡು ಹೋದೆ. ಚರ್ಮುರಿ ತಿಂದು ಮುಗಿಯಿತು, ಆರು ಗಂಟೆ ದಾಟಿತು, ಸೂರ್ಯ ಇನ್ನೂ ನೀರಿನ ಮೇಲೆಯೇ ಇದ್ದ. ಮುಳುಗಿದ್ದು 6:10ಕ್ಕೆ. ಭಾವ ಕೇಳಿದರು, “ಬೆಂಗಳೂರಲ್ಲಿ ಈಗ ಆರಕ್ಕೇ ಮುಳುಗುತ್ತೆ, ಇಲ್ಲಿ ಯಾಕೆ ಇಷ್ಟು ತಡ?”

ಆ ಪ್ರಶ್ನೆಗೆ ಉತ್ತರ ಸುಲಭ. ಬೆಂಗಳೂರು, ಮಂಗಳೂರು, ಚೆನ್ನೈ ಮೂರೂ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲೇ ಇವೆ, ಗಡಿಯಾರವೂ ಒಂದೇ. ಆದರೆ ಒಂದು ಡಿಗ್ರಿ ಪಡುವಣಕ್ಕೆ ಬಂದರೆ ಸೂರ್ಯ 4 ನಿಮಿಷ ತಡ. ಹಾಗಾಗಿ ಬೆಂಗಳೂರಿಗಿಂತ ನಮ್ಮಲ್ಲಿ ಸುಮಾರು 11 ನಿಮಿಷ, ಚೆನ್ನೈಗಿಂತ ಸುಮಾರು 22 ನಿಮಿಷ ತಡ. ನನ್ನ ತಲೆ ಕೊರೆದದ್ದು ಬೇರೆ ವಿಷಯ. ಒಂದು ತಿಂಗಳ ಹಿಂದೆ, ನವೆಂಬರಿನಲ್ಲಿ, ಇದೇ ಜಾಗದಲ್ಲಿ ಸೂರ್ಯ 6:02ಕ್ಕೇ ಮುಳುಗಿದ್ದು ನನಗೆ ಚೆನ್ನಾಗಿ ನೆನಪಿತ್ತು. ಹಗಲು ಚಿಕ್ಕದಾಗುತ್ತಾ ಬಂದರೂ ಮುಳುಗುವ ಹೊತ್ತು ಮುಂದೆ ಹೋಗಿದ್ದು ಹೇಗೆ?

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ತಾರೀಕು, ಜಾಗ, ಕೊನೆಯ ಚುಕ್ಕಿ ಮರೆಯಾದ ಹೊತ್ತು, ಮೋಡ ಇತ್ತಾ ಇಲ್ವಾ, ಇಷ್ಟೇ. ವರ್ಷ ಕಳೆದಾಗ ಲೆಕ್ಕ ಕಣ್ಣಿಗೆ ಕಂಡಿತು. ನಮ್ಮೂರಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ನವೆಂಬರ್ ಕೊನೆಯ ಭಾಗದಲ್ಲಿ, 6 ಗಂಟೆ ದಾಟಿ ಒಂದೆರಡು ನಿಮಿಷಕ್ಕೆ. ಅತಿ ತಡವಾಗಿ ಮುಳುಗುವುದು ಜುಲೈ ಮೊದಲ ಭಾಗದಲ್ಲಿ, 7 ದಾಟಿದ ಮೇಲೆ. ಅತಿ ತಡವಾಗಿ ಹುಟ್ಟುವುದು ಜನವರಿ ಕೊನೆಗೆ, 6:55ರ ಆಸುಪಾಸು. ಮಕರ ಸಂಕ್ರಾಂತಿ ಕಳೆದರೂ ಬೆಳಗ್ಗೆ ಇನ್ನೂ ಕತ್ತಲು ಅಂತ ಅಮ್ಮ ಪ್ರತಿ ವರ್ಷ ಹೇಳುವುದು ನಿಜವೇ. ಭೂಮಿಯ ಓರೆ ಮತ್ತು ಮೊಟ್ಟೆಯಾಕಾರದ ದಾರಿ ಎರಡೂ ಸೇರಿ ಸೂರ್ಯನ ನಡುಹಗಲು, ಅಂದರೆ ಸೂರ್ಯ ಅತಿ ಎತ್ತರಕ್ಕೆ ಬರುವ ಹೊತ್ತು, ಗಡಿಯಾರದ ಜೊತೆ ಹಿಂದೆ ಮುಂದೆ ಆಗುತ್ತಿರುತ್ತದೆ. ಇಲ್ಲಿ ನವೆಂಬರ್ 20ಕ್ಕೆ ಅದು ಸುಮಾರು 12:16, ಜನವರಿ 25ಕ್ಕೆ 12:43. ಇಡೀ ಹಗಲೇ ಮುಂದಕ್ಕೆ ಜಾರುತ್ತದೆ, ಅದರ ಜೊತೆ ಸಂಜೆಯೂ. ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಸಂಜೆಗಳನ್ನೇ ನೋಡಿ, ಎರಡು ದಿನವೂ ಸೂರ್ಯ ನೇರ ಪಡುವಣದಲ್ಲಿ ಒಂದೇ ಜಾಗದಲ್ಲಿ ಇಳಿಯುತ್ತಾನೆ, ಆದರೆ ಮೊದಲನೆಯದು 6:41ಕ್ಕೆ, ಎರಡನೆಯದು 6:26ಕ್ಕೆ.

ಹೊತ್ತಿನಷ್ಟೇ ಜಾಗವೂ ಮುಖ್ಯ. ಜೂನಿನಲ್ಲಿ ಸೂರ್ಯ ಪಡುವಣದಿಂದ 24 ಡಿಗ್ರಿ ಬಡಗಕ್ಕೆ, ಡಿಸೆಂಬರಿನಲ್ಲಿ ಅಷ್ಟೇ ತೆಂಕಕ್ಕೆ ಇಳಿಯುತ್ತಾನೆ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ, ಅಂದರೆ ಒಟ್ಟು ಹೆಚ್ಚುಕಡಿಮೆ ಐದು ಮುಷ್ಟಿಯ ಓಡಾಟ. ಪಣಂಬೂರಿನಲ್ಲಿ ಡಿಸೆಂಬರ್-ಜನವರಿ ಹೊತ್ತಿಗೆ ಸೂರ್ಯ ಬಂದರಿನ ಬಂಡೆಗೋಡೆಯ ಕಡೆ ವಾಲುತ್ತಾನೆ, ಹಡಗುಗಳನ್ನೂ ಸೇರಿಸಿ ಫೋಟೊ ಬೇಕು ಅನ್ನುವವರಿಗೆ ಅದೇ ಕಾಲ. ಬರೀ ನೀರು, ಬರೀ ಸೂರ್ಯ ಬೇಕು ಅಂದರೆ ತಣ್ಣೀರುಬಾವಿ ಒಳ್ಳೆಯದು. ಉಳ್ಳಾಲದ ಆಚೆ ಸೋಮೇಶ್ವರದಲ್ಲಿ ಬಂಡೆಗಳಿವೆ. ಚಳಿಗಾಲದ ಸಂಜೆಗೆ ನಾನು ಅಲ್ಲಿಗೇ ಹೋಗುವುದು. ಆದರೆ ಆ ಬಂಡೆಗಳ ಮೇಲೆ ಹತ್ತಬೇಡಿ, ಪಾಚಿ ಜಾರುತ್ತದೆ, ಅಲೆ ಹೇಳದೆ ಬರುತ್ತದೆ.

ಸೂರ್ಯೋದಯ ಮಂಗಳೂರಿನಲ್ಲಿ ಇಲ್ಲ ಅಂತ ಜಾಸ್ತಿ ಜನ ಹೇಳುತ್ತಾರೆ. ಇದೆ! ತಣ್ಣೀರುಬಾವಿ ಅಂದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಫಲ್ಗುಣಿ ಹೊಳೆ, ನಡುವೆ ತೆಳ್ಳಗೆ ಒಂದು ಪಟ್ಟಿ ನೆಲ. ಬೆಳಗ್ಗೆ ಹೊಳೆಯ ಬದಿಗೆ ನಿಂತು ಮೂಡಣಕ್ಕೆ ನೋಡಿ. ಆಚೆ ದಡದಲ್ಲಿ ಟಿಪ್ಪುವಿನ ಕಾಲದ ಸುಲ್ತಾನ್ ಬತ್ತೇರಿ, ತೆಂಗಿನ ಸಾಲು, ಅದರ ಹಿಂದೆ ಊರಿನ ಗುಡ್ಡ. ಫೋನಿನಲ್ಲಿ 6:45 ಅಂತ ಇದ್ದರೆ ಇಲ್ಲಿ ಮುಖ ತೋರಿಸುವುದು ಹತ್ತು ಹದಿನೈದು ನಿಮಿಷ ಬಿಟ್ಟು, ಯಾಕೆಂದರೆ ಫೋನಿನ ಲೆಕ್ಕಕ್ಕೆ ಗುಡ್ಡವೂ ಇಲ್ಲ, ತೆಂಗಿನ ಮರವೂ ಇಲ್ಲ. ತಡವಾಯಿತು ಅಂತ ಎದ್ದು ಹೋಗಬೇಡಿ. ಆ ಹೊತ್ತಿನಲ್ಲೇ ಹೊಳೆಯ ನೀರು ಬೂದಿಯಿಂದ ತಾಮ್ರಕ್ಕೆ ತಿರುಗುವುದು. ನನಗೆ ಸಂಜೆಗಿಂತ ಈ ಬೆಳಗು ಇಷ್ಟ, ಜನ ಇರುವುದಿಲ್ಲ, ದೋಣಿಯ ಸದ್ದು ಮಾತ್ರ.

ಮುಳುಗುವಾಗ ಫೋನಿನ ಹೊತ್ತು ಇನ್ನೊಂದು ರೀತಿಯಲ್ಲಿ ತಪ್ಪುತ್ತದೆ. ಫೆಬ್ರವರಿ-ಮಾರ್ಚಿನಲ್ಲಿ ಕಡಲ ಮೇಲೆ ಮಬ್ಬು ಜಾಸ್ತಿ, ಸೂರ್ಯ ನೀರು ಮುಟ್ಟುವ ಮೊದಲೇ ಕೆಂಪು ಬಿಲ್ಲೆಯ ಹಾಗೆ ಕರಗಿ ಹೋಗುತ್ತಾನೆ. ನನ್ನ ಪುಸ್ತಕದಲ್ಲಿ ಆ ತಿಂಗಳುಗಳಲ್ಲಿ “ನೀರು ಮುಟ್ಟಲಿಲ್ಲ” ಅಂತಲೇ ಹೆಚ್ಚು ಇದೆ. ಮಳೆ ನಿಂತ ಮೇಲಿನ ಅಕ್ಟೋಬರ್-ನವೆಂಬರಿನಲ್ಲಿ ಗಾಳಿ ತೊಳೆದ ಹಾಗಿರುತ್ತದೆ. ದೂರದ ಊರಿನಿಂದ ಬರುವವರಿಗೆ ನಾನು ಹೇಳುವುದು ಆ ಎರಡು ತಿಂಗಳನ್ನೇ. ಮಳೆಗಾಲದಲ್ಲಿ ಸೂರ್ಯ ಸಿಗುವುದು ಅಪರೂಪ, ಸಿಕ್ಕಿದ ದಿನ ಬಣ್ಣ ಬೇರೆಯೇ. ಆಗ ದೂರದಿಂದ ನೋಡಿ, ನೀರಿನ ಹತ್ತಿರ ಹೋಗಬೇಡಿ.

ಮುಕ್ಕಾಲು ಗಂಟೆ ಮೊದಲು ತಲುಪಿ, ಭಾನುವಾರ ಪಣಂಬೂರಿಗಾದರೆ ಇನ್ನೂ ಬೇಗ. ಸೂರ್ಯ ಕಣ್ಣು ಚುಚ್ಚುತ್ತಿರುವ ತನಕ ನೇರ ನೋಡಬೇಡಿ. ಕೆಳಗಿನ ಅಂಚು ನೀರು ಮುಟ್ಟಿದ ಮೇಲೆ ಪೂರ್ತಿ ಮುಳುಗಲು ಎರಡು ನಿಮಿಷ ಮತ್ತು ಸ್ವಲ್ಪ, ಅಷ್ಟೇ. ಆಗ ಫೋನ್ ಹುಡುಕುತ್ತಾ ಕೂತರೆ ಮುಗಿಯಿತು.

ಮಗಳಿಗೆ ಒಂದು ಆಟ ಕಲಿಸಿದ್ದೇನೆ. ಆಕಾಶ ತಿಳಿಯಾಗಿದ್ದ ದಿನ ಅವಳು ಮರಳಿನ ಮೇಲೆ ಬೋರಲು ಮಲಗುತ್ತಾಳೆ. ಕೊನೆಯ ಚುಕ್ಕಿ ಹೋದ ತಕ್ಷಣ ಎದ್ದು ನಿಲ್ಲುತ್ತಾಳೆ. ಕಣ್ಣು ಮೇಲೆ ಬಂದಷ್ಟಕ್ಕೆ ಕಡಲ ಅಂಚು ಕೊಂಚ ಕೆಳಗಿಳಿದು, ಚುಕ್ಕಿ ಇನ್ನೊಮ್ಮೆ ಕಾಣಿಸಿ ಮೂರ್ನಾಲ್ಕು ಸೆಕೆಂಡಿಗೆ ಮತ್ತೆ ಮುಳುಗುತ್ತದೆ. ಕಳೆದ ವಾರ “ಅಪ್ಪ, ನನ್ನನ್ನು ಹೆಗಲ ಮೇಲೆ ಎತ್ತಿಕೋ, ಮೂರನೇ ಸಲ ನೋಡ್ತೇನೆ” ಅಂದಳು. ಎತ್ತಿದೆ. ಅವಳಿಗೆ ಕಂಡಿತು, ನನಗೆ ಕಾಣಲಿಲ್ಲ.