ಲಿನಕ್ಸ್‌ನಲ್ಲಿ ಎರಡನೆಯ ಹಾರ್ಡ್ ಡಿಸ್ಕ್ ಮೌಂಟ್ ಆಗದಿದ್ದಾಗ

ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡವರು ಕಡತಗಳಿಗೆಂದು ಎನ್‌ಟಿಎಫ್‌ಎಸ್ (ಕಡತಗಳನ್ನು ಜೋಡಿಸಿಡುವ ವಿಂಡೋಸ್‌ನ ಫೈಲ್ ಸಿಸ್ಟಮ್) ಮಾದರಿಯ ಎರಡನೆಯ ಡಿಸ್ಕೊಂದನ್ನು ಹಂಚಿಕೊಂಡಿರುತ್ತಾರೆ. ನಿನ್ನೆಯವರೆಗೆ ಸರಿಯಾಗಿದ್ದ ಆ ಡಿಸ್ಕ್ ಇಂದು ಲಿನಕ್ಸ್‌ನಲ್ಲಿ ಮೌಂಟ್ ಆಗದಿದ್ದರೆ, ಅಂದರೆ ತೆರೆದು ಬಳಸಲು ಸಿಗದಿದ್ದರೆ, ಕೆಟ್ಟಿತೆಂದು ತೀರ್ಮಾನಿಸುವ ಮೊದಲು ಅದು ಯಾವ ಹಂತದವರೆಗೆ ಕಾಣಿಸುತ್ತಿದೆಯೆಂದು ನೋಡಬೇಕು.

ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಆದೇಶ ಕೊಟ್ಟರೆ ಪ್ರತಿಯೊಂದು ಡಿಸ್ಕ್, ಅದರ ಪಾರ್ಟಿಷನ್, ಫೈಲ್ ಸಿಸ್ಟಮ್ ಮತ್ತು ಯುಯುಐಡಿ (ಅದರ ವಿಶಿಷ್ಟ ಗುರುತು) ಕಾಣಿಸುತ್ತವೆ. ಡಿಸ್ಕಿನ ಹೆಸರೇ ಇಲ್ಲದಿದ್ದರೆ ಕಂಪ್ಯೂಟರನ್ನು ಆರಿಸಿ, ಸಾಟಾ ಮತ್ತು ಪವರ್ ಕೇಬಲ್‌ಗಳನ್ನು ಬಿಚ್ಚಿ ಮತ್ತೆ ಜೋಡಿಸಿರಿ. ಹೆಸರಿದ್ದರೆ ಕೈಯಿಂದಲೇ ಒಮ್ಮೆ ಮೌಂಟ್ ಮಾಡಲು ಪ್ರಯತ್ನಿಸಿ, ಕೂಡಲೇ ‘ಡಿಮೆಸ್‌ಜಿ’ (dmesg, ವ್ಯವಸ್ಥೆಯ ಸಂದೇಶಗಳ ಆದೇಶ) ತೋರಿಸುವ ಕೊನೆಯ ಸಾಲುಗಳನ್ನು ಓದಿರಿ. ಅಲ್ಲಿ ‘ಐ/ಒ ಎರರ್’ ಪದೇ ಪದೇ ಕಂಡರೆ ಯಾವ ರಿಪೇರಿಗೂ ಕೈಹಾಕದೆ, ಮೊದಲು ‘ಡಿಡಿರೆಸ್ಕ್ಯೂ’ ಬಳಸಿ ಬೇರೊಂದು ಡಿಸ್ಕಿಗೆ ಪ್ರತಿ ತೆಗೆದುಕೊಳ್ಳಬೇಕು.

ಆದರೆ ವಾಲ್ಯೂಮ್ ‘ಡರ್ಟಿ’ ಆಗಿದೆ, ಅಂದರೆ ಪಾರ್ಟಿಷನ್ ಸರಿಯಾಗಿ ಮುಚ್ಚಿಲ್ಲ, ಎಂಬ ಸಾಲು ಬಂದಿದ್ದರೆ ಗಾಬರಿ ಬೇಡ. (ಆ ಸಾಲನ್ನು ಓದದೆ ನಾನೊಮ್ಮೆ ಹೊಸ ಕೇಬಲ್ ಕೊಂಡು ತಂದಿದ್ದೆ.) ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದಾಗ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ; ತನ್ನ ಕರ್ನಲ್‌ನ (ವ್ಯವಸ್ಥೆಯ ತಿರುಳಿನ) ಸ್ಥಿತಿಯನ್ನು ಕಡತವೊಂದರಲ್ಲಿ ಉಳಿಸಿ ಮಲಗುತ್ತದೆ, ಡಿಸ್ಕ್ ಇನ್ನೂ ಬಳಕೆಯಲ್ಲಿರುವಂತೆಯೇ ಉಳಿಯುತ್ತದೆ. 2021ರಲ್ಲಿ 5.15ನೇ ಲಿನಕ್ಸ್ ಕರ್ನಲ್‌ನೊಡನೆ ಬಂದ ‘ಎನ್‌ಟಿಎಫ್‌ಎಸ್3’ ಡ್ರೈವರ್ ಇಂತಹ ವಾಲ್ಯೂಮನ್ನು ಮೌಂಟ್ ಮಾಡಲು ಒಪ್ಪುವುದಿಲ್ಲ. ‘ಫೋರ್ಸ್’ ಆಯ್ಕೆಯಿಂದ ಒಪ್ಪಿಸಬಹುದಾದರೂ ಕಡತಗಳ ಮೇಲೆ ಅಷ್ಟು ಧೈರ್ಯ ಸಲ್ಲದು. ವಿಂಡೋಸ್‌ಗೆ ಹಿಂತಿರುಗಿ, ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದು, ಆ ಡ್ರೈವ್‌ನ ಮೇಲೆ ‘ಚೆಕ್‌ಡಿಸ್ಕ್ /ಎಫ್’ (chkdsk /f) ನಡೆಸಿ, ನಂತರ ಶಟ್‌ಡೌನ್ ಮಾಡುವುದೇ ಸರಿಯಾದ ದಾರಿ. ಲಿನಕ್ಸ್‌ನ ‘ಎನ್‌ಟಿಎಫ್‌ಎಸ್‌ಫಿಕ್ಸ್’ ಹೆಸರಿನಷ್ಟು ಸಮರ್ಥವಲ್ಲ. ಅದು ಕೆಲವು ಮೂಲಭೂತ ದೋಷಗಳನ್ನಷ್ಟೇ ಸರಿಪಡಿಸಿ, ಪೂರ್ಣ ತಪಾಸಣೆಯನ್ನು ವಿಂಡೋಸ್‌ಗೇ ಬಿಡುತ್ತದೆ.

ಕೈಯಿಂದ ಮೌಂಟ್ ಆಗುವ ಡಿಸ್ಕ್ ಬೂಟ್ ಆಗುವಾಗ ಮಾತ್ರ ಆಗದಿದ್ದರೆ ‘/ಇಟಿಸಿ/ಎಫ್‌ಎಸ್‌ಟ್ಯಾಬ್’ ಕಡತವನ್ನು (ಬೂಟ್ ಆಗುವಾಗ ಮೌಂಟ್ ಮಾಡಬೇಕಾದ ಡಿಸ್ಕ್‌ಗಳ ಪಟ್ಟಿ) ನೋಡಿರಿ. ‘ಎಸ್‌ಡಿಬಿ1’ರಂತಹ ಹೆಸರುಗಳು ಒಂದು ಬೂಟ್‌ನಿಂದ ಇನ್ನೊಂದಕ್ಕೆ ಬದಲಾಗಬಹುದಾದ್ದರಿಂದ ಅಲ್ಲಿ ಯುಯುಐಡಿಯನ್ನೇ ಬರೆಯಬೇಕು, ಫಾರ್ಮ್ಯಾಟ್ ಮಾಡಿದ್ದರೆ ಅದೂ ಬದಲಾಗಿರುತ್ತದೆ. ಜೊತೆಗೆ ‘ನೋಫೇಲ್’ ಆಯ್ಕೆಯನ್ನು ಸೇರಿಸಿರಿ. ಅದಿಲ್ಲದಿದ್ದರೆ, ಡಿಸ್ಕ್ ಸಿಗದಾಗ ಬೂಟ್ ನಡೆಸುವ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡು ಕಾದು, ಎಮರ್ಜೆನ್ಸಿ ಮೋಡ್‌ಗೆ ತಂದು ನಿಲ್ಲಿಸುತ್ತದೆ. ತಿದ್ದಿದ ನಂತರ ‘ಸಿಸ್ಟಮ್‌ಸಿಟಿಎಲ್ ಡೀಮನ್-ರಿಲೋಡ್’ ಮತ್ತು ‘ಮೌಂಟ್ -ಎ’ ಆದೇಶಗಳನ್ನು ಸೂಪರ್‌ಯೂಸರ್ ಅಧಿಕಾರದಲ್ಲಿ ಕೊಟ್ಟು, ದೋಷ ಬಾರದಿದ್ದರೆ ಮಾತ್ರ ರೀಬೂಟ್ ಮಾಡಿರಿ.