ನಾಸಿ ಲೆಮಾಕ್: ಸಿಂಗಪುರಕ್ಕೆ ಹೊಸದಾಗಿ ಬಂದವರ ಅಡುಗೆಮನೆಗೆ

ಮಲಯ್ ಭಾಷೆಯಲ್ಲಿ ನಾಸಿ ಎಂದರೆ ಅನ್ನ, ಲೆಮಾಕ್ ಎಂದರೆ ಜಿಡ್ಡು. ಕಾಯಿಹಾಲಿನಲ್ಲಿ ಬೆಂದ ಈ ಅನ್ನ ಇಲ್ಲಿನ ಹಾಕರ್ ಸೆಂಟರುಗಳಲ್ಲಿ, ಅಂದರೆ ತಿಂಡಿ ಅಂಗಡಿಗಳ ಸಂಕೀರ್ಣಗಳಲ್ಲಿ, ಬೆಳಗಿನ ತಿಂಡಿ. ಮನೆಯಲ್ಲಿ ಮೊದಲ ಸಲ ಮಾಡುವ ನಮ್ಮವರು ಹೆಚ್ಚಾಗಿ ಎಡವುವುದು ಒಂದೇ ಕಡೆ: ಇದನ್ನು ಕಾಯಿ ಚಿತ್ರಾನ್ನದ ಲೆಕ್ಕದಲ್ಲಿ ಮಾಡಹೋಗುತ್ತಾರೆ. ನಮ್ಮ ಚಿತ್ರಾನ್ನಕ್ಕೆ ಘಮ ಬರುವುದು ಒಗ್ಗರಣೆಯಿಂದ. ಇದಕ್ಕೆ ಬರುವುದು ಅಕ್ಕಿಯ ಜೊತೆಗೇ ಬೇಯುವ ಎಲೆ, ಬೇರುಗಳ ಹಬೆಯಿಂದ. ಸಾಸಿವೆ ಸಿಡಿಸಿದಿರೋ, ಪಾಂಡಾನ್ ಎಲೆಯ ನವಿರು ಪರಿಮಳ ಅಲ್ಲಿಗೆ ಮುಗಿಯಿತು.

ಸಾಮಾನು ಎಲ್ಲಿ

ಲಿಟಲ್ ಇಂಡಿಯಾ ಎಂಆರ್‌ಟಿ (ಮೆಟ್ರೊ) ನಿಲ್ದಾಣದ ಪಕ್ಕದ ತೆಕ್ಕಾ ಸೆಂಟರಿನ ವೆಟ್ ಮಾರ್ಕೆಟ್‌ನಲ್ಲಿ, ಅಂದರೆ ತರಕಾರಿ, ಮೀನು, ಮಾಂಸದ ಸಂತೆಯಲ್ಲಿ, ಪಾಂಡಾನ್, ಮಜ್ಜಿಗೆ ಹುಲ್ಲು, ಆಗಷ್ಟೇ ತುರಿದ ತೆಂಗಿನಕಾಯಿ ಎಲ್ಲವೂ ಸಿಗುತ್ತವೆ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ವ್ಯಾಪಾರ ಮುಗಿದಿರುತ್ತದೆ. ಸೋಮವಾರ ಹಲವು ಅಂಗಡಿಗಳಿಗೆ ರಜೆ. ಮಜ್ಜಿಗೆ ಹುಲ್ಲನ್ನು 'ಸೆರಾಯ್' ಎಂದು, ಶುಂಠಿಯನ್ನು 'ಹಲಿಯಾ' ಎಂದು, ಕಾಯಿಹಾಲನ್ನು 'ಸಾಂತಾನ್' ಎಂದು ಕೇಳಿ.

ಪಾಂಡಾನ್ ನಮ್ಮ ಕೇದಗೆಯ ಕುಲದ್ದೇ ಗಿಡ. ಆದರೆ ಕೇದಗೆಯಲ್ಲಿ ಘಮ ಹೂವಿನದು, ಇದರಲ್ಲಿ ಎಲೆಯದು. ಬಾಸುಮತಿಗೆ, ಜಾಸ್ಮಿನ್ ಅಕ್ಕಿಗೆ ಪರಿಮಳ ಕೊಡುವ ರಾಸಾಯನಿಕವೇ ಈ ಎಲೆಯಲ್ಲೂ ಇದೆ. ಹಸಿ ಎಲೆಯನ್ನು ಮೂಸಿದರೆ ಹೆಚ್ಚೇನೂ ವಾಸನೆ ಇರುವುದಿಲ್ಲ. ಬಾಡಿದಾಗ, ಬೆಂದಾಗ ಬರುತ್ತದೆ. ಬಾಟಲಿಯ ಹಸಿರು ಎಸೆನ್ಸ್ ಬೇಡ. ಅನ್ನ ಹಸಿರಾಗುತ್ತದೆಯೇ ಹೊರತು ಆ ಘಮ ಬರುವುದಿಲ್ಲ.

ಅಳತೆ

ಇದು ನಾಲ್ಕು ಜನರಿಗೆ. ರೈಸ್ ಕುಕ್ಕರ್ ಜೊತೆ ಬರುವ ಕಪ್ಪಿನಲ್ಲಿ 2 ಕಪ್ ಜಾಸ್ಮಿನ್ ಅಕ್ಕಿ. ಈ ಕಪ್ 180 ಮಿಲಿಯದು, ಅಡುಗೆ ಪುಸ್ತಕಗಳ 240 ಮಿಲಿ ಕಪ್ ಅಲ್ಲ. ಒಂದರಲ್ಲಿ ಅಕ್ಕಿ, ಇನ್ನೊಂದರಲ್ಲಿ ನೀರು ಅಳೆದರೆ ಅನ್ನ ಮುದ್ದೆಯಾಗುವುದು ಖಂಡಿತ. ಪ್ಯಾಕೆಟ್ಟಿನ ಗಟ್ಟಿ ಕಾಯಿಹಾಲು 150 ಮಿಲಿ, ನೀರು 250 ಮಿಲಿ, ಮುಕ್ಕಾಲು ಟೀ ಚಮಚ ಉಪ್ಪು, 3 ಪಾಂಡಾನ್ ಎಲೆ, ಒಂದು ಇಂಚು ಶುಂಠಿ, ಮಜ್ಜಿಗೆ ಹುಲ್ಲಿನ ಒಂದು ದಂಟು.

ಊರಿಂದ ತಂದ ಹಳೆ ಸೋನಾ ಮಸೂರಿಯಲ್ಲೂ ಮಾಡಬಹುದು, ಆದರೆ ಅದು ಹೆಚ್ಚು ನೀರು ಕುಡಿಯುತ್ತದೆ, ಅಗುಳೂ ಚಿಕ್ಕದು. ಮೊದಲ ಸಲಕ್ಕೆ ಜಾಸ್ಮಿನ್ ಅಕ್ಕಿಯೇ ಸರಿ.

ಮಾಡುವುದು

ಅಕ್ಕಿಯನ್ನು ಮೂರು ಸಲ ತೊಳೆದು 20 ನಿಮಿಷ ನೆನೆಸಿ, ಜರಡಿಯಲ್ಲಿ ಪೂರ್ತಿ ಬಸಿಯಿರಿ. ತಳದಲ್ಲಿ ನಿಂತ ನೀರೂ ಅಳತೆಗೆ ಸೇರಿಬಿಡುತ್ತದೆ.

ಪಾಂಡಾನ್ ಎಲೆಯ ಬುಡದ ಬಿಳಿ ಮಡಿಕೆಯಲ್ಲಿ ಮಣ್ಣು ಕೂತಿರುತ್ತದೆ. ಬಿಡಿಸಿ ತೊಳೆಯಿರಿ. ತುದಿಯಿಂದ ಉದ್ದಕ್ಕೆ ಎರಡು ಮೂರು ಎಳೆಯಾಗಿ ಸೀಳಿ, ಬುಡ ಮಾತ್ರ ಕೂಡಿಕೊಂಡೇ ಇರಲಿ. ಮೂರೂ ಎಲೆ ಸೇರಿಸಿ ಒಂದು ಗಂಟು ಹಾಕಿ. ಸೀಳಿದ್ದರಿಂದ ಘಮ ಬಿಡುತ್ತದೆ, ಗಂಟು ಹಾಕಿದ್ದರಿಂದ ಕೊನೆಗೆ ಒಂದೇ ಸಲಕ್ಕೆ ಎತ್ತಬಹುದು. ಮಜ್ಜಿಗೆ ಹುಲ್ಲಿನ ಬುಡದ ನಾಲ್ಕು ಇಂಚು ಸಾಕು. ಅದನ್ನೂ ಶುಂಠಿಯನ್ನೂ ಗುಂಡುಕಲ್ಲಿನಿಂದ ಜಜ್ಜಿ, ಅರೆಯಬೇಡಿ.

ಕುಕ್ಕರಿನ ಪಾತ್ರೆಯಲ್ಲಿ ಮೊದಲು ಕಾಯಿಹಾಲು, ನೀರು, ಉಪ್ಪು ಕದಡಿ, ಆಮೇಲೆ ಅಕ್ಕಿ ಹಾಕಿ ಸಮ ಮಾಡಿ, ಎಲೆ ಬೇರುಗಳನ್ನು ಮೇಲಿಂದ ಒತ್ತಿ ಮುಳುಗಿಸಿ. ಕುದಿ ಬಂದ ಕೂಡಲೇ ಒಮ್ಮೆ ಮುಚ್ಚಳ ತೆಗೆದು ತಳದಿಂದ ಮೇಲಕ್ಕೆ ಒಂದೇ ಸಲ ಮಗುಚಿ. ಸ್ವಿಚ್ ಮೇಲೆ ಹಾರಿದ ನಂತರ 15 ನಿಮಿಷ ಮುಟ್ಟಬೇಡಿ.

ಆ ಒಂದು ಮಗುಚುವಿಕೆ ಬಿಟ್ಟರೆ ಏನಾಗುತ್ತದೆ? ಕಾಯಿಹಾಲಿನ ಜಿಡ್ಡು ಮೇಲೆ ತೇಲುತ್ತದೆ, ಗಷ್ಟು ತಳಕ್ಕೆ ಕೂತು ಸೀಯುತ್ತದೆ. ನೀರು ಇಂಗಿ ತಳದ ಬಿಸಿ 100 ಡಿಗ್ರಿ ದಾಟಿದಾಗ ಆರುವಂತೆ ರೈಸ್ ಕುಕ್ಕರ್ ಮಾಡಿರುತ್ತಾರೆ. ತಳ ಸೀದರೆ ನೀರಿರುವಾಗಲೇ ಬಿಸಿ ಏರಿ ಸ್ವಿಚ್ ಹಾರಿಬಿಡುತ್ತದೆ. ಮೇಲಿನ ಅಗುಳು ಗಟ್ಟಿ, ಕೆಳಗಿನದು ಕಂದು. ಹಾಗಾದರೆ ನಾಲ್ಕು ಚಮಚ ಬಿಸಿನೀರು ಚಿಮುಕಿಸಿ, ಹಗುರಾಗಿ ಮಗುಚಿ, ಐದು ನಿಮಿಷ ಬಿಟ್ಟು ಮತ್ತೆ ಸ್ವಿಚ್ ಒತ್ತಿ. ತಳ ತಣಿಯದೆ ಅದು ನಿಲ್ಲುವುದಿಲ್ಲ.

ಮನೆಯಲ್ಲೇ ಹಿಂಡಿದ ಹಾಲಾದರೆ ರಭಸದ ಕುದಿಗೆ ಒಡೆದು ಎಣ್ಣೆ ಬಿಡುತ್ತದೆ. ಪ್ಯಾಕೆಟ್ಟಿನದು ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ. ಮನೆಯ ಹಾಲಿಗೆ ಪಾಯಸಕ್ಕೆ ಮಾಡುವಂತೆಯೇ ಮಾಡಿ: ತೆಳುಹಾಲಿನಲ್ಲಿ ಬೇಯಿಸಿ, ಗಟ್ಟಿಹಾಲನ್ನು ನೀರು ಇಂಗಿದ ಮೇಲೆ ಸೇರಿಸಿ ಹತ್ತು ನಿಮಿಷ ಮುಚ್ಚಿಡಿ. ಪ್ರೆಶರ್ ಕುಕ್ಕರ್ ಮಾತ್ರ ಇದ್ದರೆ ತಳಕ್ಕೆ ನೀರು ಹಾಕಿ, ಎಲ್ಲವನ್ನೂ ಒಳಗಿನ ಪಾತ್ರೆಯಲ್ಲಿಟ್ಟು ಎರಡು ಕೂಗು ಕೂಗಿಸಿ.

ಸಸ್ಯಾಹಾರಿಗಳ ಗಮನಕ್ಕೆ

ಅನ್ನದಲ್ಲಿ ತೊಂದರೆಯಿಲ್ಲ, ಜೊತೆಗೆ ಬರುವ ಸಂಬಾಲ್ ಎಂಬ ಮೆಣಸಿನಕಾಯಿ ಚಟ್ನಿಯಲ್ಲಿದೆ. ಅದಕ್ಕೆ ಸಾಮಾನ್ಯವಾಗಿ ಬೆಲಾಚಾನ್, ಅಂದರೆ ಹುದುಗಿಸಿದ ಸಿಗಡಿಯ ಗಟ್ಟಿ, ಬಿದ್ದಿರುತ್ತದೆ. ಪಕ್ಕದಲ್ಲಿ ಹುರಿದ ಇಕಾನ್ ಬಿಲಿಸ್ ಎಂಬ ಪುಟ್ಟ ಒಣಮೀನು. ಡಬ್ಬಿಯ ಲೇಬಲ್ಲಿನಲ್ಲಿ 'ಉದಾಂಗ್' ಎಂದಿದ್ದರೆ ಸಿಗಡಿ, 'ಇಕಾನ್' ಎಂದಿದ್ದರೆ ಮೀನು.

ಮನೆಯ ಸಂಬಾಲಿಗೆ 12 ಬ್ಯಾಡಗಿ ಮೆಣಸಿನಕಾಯಿ ಬಿಸಿನೀರಲ್ಲಿ ನೆನೆಸಿ, 8 ಸಾಂಬಾರ್ ಈರುಳ್ಳಿ, 3 ಎಸಳು ಬೆಳ್ಳುಳ್ಳಿ ಸೇರಿಸಿ ನುಣ್ಣಗೆ ರುಬ್ಬಿ. ಐದಾರು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಎಣ್ಣೆ ಬಿಡುವ ತನಕ, ಕನಿಷ್ಠ 12 ನಿಮಿಷ ಹುರಿಯಿರಿ. ಇಲ್ಲಿನವರು ಈ ಹದಕ್ಕೆ 'ಪೆಚಾ ಮಿನ್ಯಾಕ್' ಎನ್ನುತ್ತಾರೆ, ಎಣ್ಣೆ ಒಡೆಯುವುದು ಎಂದೇ ಅರ್ಥ. ಅವಸರ ಮಾಡಿದರೆ ಈರುಳ್ಳಿಯ ಹಸಿ ವಾಸನೆ ಉಳಿಯುತ್ತದೆ. ಆಮೇಲೆ ಮೂರು ಚಮಚ ಹುಣಸೆ ರಸ, ಒಂದೂವರೆ ಚಮಚ ತಾಳೆಬೆಲ್ಲ, ಉಪ್ಪು. ಬೆಲಾಚಾನಿನ ಬದಲು ಒಂದು ಟೀ ಚಮಚ ತಾವ್ ಚಿಯೊ, ಅಂದರೆ ಹುದುಗಿಸಿದ ಸೋಯಾ ಕಾಳಿನ ಪೇಸ್ಟ್, ಹಾಕಬಹುದು. ಜೊತೆಗೆ ಹುರಿದ ಶೇಂಗಾ, ಸೌತೆಕಾಯಿ, ಕರಿದ ತೆಂಪೆ, ಅಂದರೆ ಹುದುಗಿಸಿದ ಸೋಯಾ ಕಾಳಿನ ಗಟ್ಟಿ ಬಿಲ್ಲೆ.

ಡಬ್ಬಿಗೆ ಹಾಕುವಾಗ

ಇಲ್ಲಿನ ಸೆಕೆಗೆ ಕಾಯಿಹಾಲಿನ ಅನ್ನ ಬೇಗ ಹಳಸುತ್ತದೆ. ಮಾಡಿದ 4 ಗಂಟೆಯೊಳಗೆ ತಿಂದು ಮುಗಿಸುವಂತಿದ್ದರೆ ಮಾತ್ರ ಮಕ್ಕಳ ಡಬ್ಬಿಗೆ ಹಾಕಿ. ಉಳಿದದ್ದನ್ನು ಅಗಲ ತಟ್ಟೆಯಲ್ಲಿ ಆರಿಸಿ ತಡಮಾಡದೆ ಫ್ರಿಜ್ಜಿಗಿಡಿ. ಮರುದಿನ ಜಿಡ್ಡು ಹೆಪ್ಪುಗಟ್ಟಿ ಅಗುಳು ಕಲ್ಲಿನಂತಾಗಿರುತ್ತದೆ. ನೀರು ಚಿಮುಕಿಸಿ ಹಬೆಯಲ್ಲಿ ಚೆನ್ನಾಗಿ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ.

ಪಾಂಡಾನ್ ಉಳಿದರೆ ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ, ಒಂದು ವಾರ ತಡೆಯುತ್ತದೆ. ಗಿಡವನ್ನೇ ಬೆಳೆಸುವವರು ನರ್ಸರಿಯಿಂದ ಬೇರಿರುವ ಮರಿ ತನ್ನಿ. ಎಚ್‌ಡಿಬಿ (ಸರ್ಕಾರಿ ವಸತಿ) ಕಟ್ಟಡದ ಕಾರಿಡಾರಿನಲ್ಲಿ ಕುಂಡ ಇಡುವಾಗ ಓಡಾಡಲು 1.2 ಮೀಟರ್ ದಾರಿ ತೆರವಾಗಿರಬೇಕು, ಕುಂಡದ ತಟ್ಟೆಯಲ್ಲಿ ನೀರು ನಿಂತು ಸೊಳ್ಳೆ ಮರಿಯಾದರೆ ದಂಡವೂ ಬೀಳುತ್ತದೆ.