ಚಿತ್ರ ನೋಡಿದ ರಾತ್ರಿಯೇ ಬರೆದಿಡಿ: ಸಾಮಾನ್ಯ ಪ್ರೇಕ್ಷಕರಿಗೊಂದು ಕೈಪಿಡಿ

2018ರ ಡಿಸೆಂಬರಿನಲ್ಲಿ ‘ಕೆ.ಜಿ.ಎಫ್’ ಚಿತ್ರದ ಮೊದಲ ಅಧ್ಯಾಯ ಬಿಡುಗಡೆಯಾದಾಗ ಬಂಗಾರಪೇಟೆಯ ನಮ್ಮ ಬೀದಿಯಲ್ಲಿ ಸಂಜೆಯ ಹೊತ್ತು ಬೇರೆ ಮಾತೇ ಇರಲಿಲ್ಲ. ಹುಡುಗರು ನಾಯಕನ ಗತ್ತನ್ನು ಕೊಂಡಾಡುತ್ತಿದ್ದರು. ಕೆಲವರು ಗಣಿಯ ಚರಿತ್ರೆಯನ್ನೇ ತಿರುಚಿದ್ದಾರೆಂದು ಬೇಸರಪಡುತ್ತಿದ್ದರು. ಚಿನ್ನದ ಗಣಿಯಲ್ಲಿ ದುಡಿದು ಮನೆಗೆ ಮರಳಿದ್ದ ಹಿರಿಯರೊಬ್ಬರು ಮಾತ್ರ ಬಹಳ ಹೊತ್ತು ಸುಮ್ಮನಿದ್ದು, “ಒಳಗೆ ಅಷ್ಟು ಬೆಳಕು ಎಲ್ಲಿರುತ್ತಪ್ಪ? ಪಕ್ಕದೋನ ಮುಖ ಕಾಣ್ಬೇಕಂದ್ರೆ ನಮ್ಮ ತಲೆ ದೀಪಾನ ಅವನ ಕಡೆ ತಿರುಗಿಸ್ಬೇಕು” ಎಂದರು. ಆ ವಾರ ನಾನು ಓದಿದ ಯಾವ ವಿಮರ್ಶೆಯಲ್ಲೂ ಈ ಮಾತು ಇರಲಿಲ್ಲ. ಸಿನಿಮಾ ಶಾಸ್ತ್ರವನ್ನು ಓದದ ಒಬ್ಬ ಪ್ರೇಕ್ಷಕರು ತಮ್ಮ ಬದುಕಿನಿಂದ ಆಡಿದ ಆ ಮಾತನ್ನು ಅಂದು ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಅಂದಿನಿಂದ ನೋಡಿದ ಪ್ರತಿಯೊಂದು ಚಿತ್ರಕ್ಕೂ ಸಾಕ್ಷ್ಯಚಿತ್ರಕ್ಕೂ ಅದರಲ್ಲಿ ಎರಡು ಪುಟಗಳನ್ನು ಮೀಸಲಿಡುತ್ತಾ ಬಂದಿದ್ದೇನೆ. ತಿಂಗಳಿಗೆ ಎರಡೋ ಮೂರೋ ಚಿತ್ರಗಳನ್ನು ಚಿತ್ರಮಂದಿರದಲ್ಲಿಯೋ ಮೊಬೈಲಿನಲ್ಲಿಯೋ ನೋಡುವ, ಆದರೆ “ಚೆನ್ನಾಗಿತ್ತು” ಎನ್ನುವುದಕ್ಕಿಂತ ಮುಂದೆ ಹೋಗಲಾರದೆ ತಡವರಿಸುವ ನನ್ನಂಥವರಿಗಾಗಿ ಆ ಅಭ್ಯಾಸದ ವಿವರಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ನೋಟ್‌ಬುಕ್ಕಿನ ಎಡಪುಟವನ್ನು ಕಂಡದ್ದಕ್ಕೂ ಬಲಪುಟವನ್ನು ಅನ್ನಿಸಿದ್ದಕ್ಕೂ ಬಿಡಬೇಕು. ಎಡಪುಟದ ಮೇಲ್ಭಾಗದಲ್ಲಿ ಚಿತ್ರದ ಹೆಸರು, ಅದು ಬಿಡುಗಡೆಯಾದ ವರ್ಷ, ನೋಡಿದ ದಿನ, ಯಾವ ಭಾಷೆಯಲ್ಲಿ ಮತ್ತು ಯಾರ ಜೊತೆ ಕುಳಿತು ನೋಡಿದಿರಿ ಎಂಬುದನ್ನು ಬರೆಯಿರಿ. ಅದರ ಕೆಳಗೆ ಪರದೆಯ ಮೇಲೆ ನಿಜವಾಗಿ ಕಂಡ, ಕಿವಿಗೆ ಕೇಳಿದ ಸಂಗತಿಗಳು ಮಾತ್ರ ಬರಬೇಕು. “ತಾಯಿಯ ಪಾತ್ರ ಮನಕಲಕುವಂತಿದೆ” ಎಂಬುದು ಎಡಪುಟಕ್ಕೆ ಸಲ್ಲದು. “ಮಗ ಹೊರಟುಹೋದ ಮೇಲೆ ತಾಯಿ ಅವನು ಉಂಡ ತಟ್ಟೆಯನ್ನು ತೊಳೆಯದೆ ಹಾಗೇ ಇಟ್ಟಳು” ಎಂಬುದು ಸಲ್ಲುತ್ತದೆ. ಮೊದಲ ಕೆಲವು ವಾರ ಎಡಪುಟ ಬಹುತೇಕ ಖಾಲಿ ಉಳಿಯುತ್ತದೆ. ನಾವು ಎರಡೂವರೆ ಗಂಟೆ ಕುಳಿತು ಎಷ್ಟು ಕಡಿಮೆ ನೋಡುತ್ತೇವೆ ಎಂಬುದು ಆಗಲೇ ತಿಳಿಯುವುದು. ಬರೆಯುವ ಕೆಲಸ ಅದೇ ರಾತ್ರಿ, ಬೇರೆಯವರ ಅಭಿಪ್ರಾಯ ಕಿವಿಗೆ ಬೀಳುವ ಮೊದಲೇ ಮುಗಿಯಬೇಕು. ಗೆಳೆಯರ ಗುಂಪಿನಲ್ಲಿ ಅರ್ಧ ಗಂಟೆ ಮಾತನಾಡಿದ ಮೇಲೆ ಯಾವುದು ನಮ್ಮ ಮಾತು, ಯಾವುದು ಅವರದು ಎಂದು ಬೇರ್ಪಡಿಸುವುದು ಕಷ್ಟ. ಇದೇ ಕಾರಣಕ್ಕೆ ನೋಡುವ ಮೊದಲು ವಿಮರ್ಶೆಗಳನ್ನು ಓದದಿರುವುದು ಒಳಿತು.

ಬಲಪುಟವನ್ನು ಬರೆಯುವಾಗ ನಾವು ಎಲ್ಲಿ ನಿಂತು ನೋಡುತ್ತಿದ್ದೇವೆ ಎಂಬುದನ್ನು ಒಪ್ಪಿಕೊಳ್ಳಬೇಕು. ಇದನ್ನು ನನಗೆ ಕಲಿಸಿದ್ದು ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ (2002). ನಾ. ಡಿಸೋಜಾ ಅವರ ಕಾದಂಬರಿಯನ್ನು ಆಧರಿಸಿದ, ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಈ ಚಿತ್ರದಲ್ಲಿ ಅಣೆಕಟ್ಟಿನ ಹಿನ್ನೀರು ಏರುತ್ತಿರುವ ಗುಡ್ಡದ ಮೇಲೆ ಒಂದು ಕುಟುಂಬ ಉಳಿದುಕೊಳ್ಳುತ್ತದೆ. ಆ ಮನೆಯ ಸೊಸೆ ನಾಗಿಯ ಪಾತ್ರವನ್ನು ಮಾಡಿದವರು ಮತ್ತು ಚಿತ್ರವನ್ನು ನಿರ್ಮಿಸಿದವರು ಸೌಂದರ್ಯ. ಅವರು ನಮ್ಮದೇ ಜಿಲ್ಲೆಯ ಮುಳಬಾಗಿಲು ಸೀಮೆಯಲ್ಲಿ ಹುಟ್ಟಿದವರು. ಹಾಗಾಗಿ ನನ್ನ ಮೊದಲ ಟಿಪ್ಪಣಿಯ ಅರ್ಧ ಭಾಗ ನಮ್ಮ ಕಡೆಯ ಹೆಣ್ಣುಮಗಳು ಎಂಬ ಹೆಮ್ಮೆಯಿಂದಲೇ ತುಂಬಿಹೋಗಿತ್ತು. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಅದು ಹೆಮ್ಮೆ ಎಂದು ಬರೆಯುವವರಿಗೂ ಓದುವವರಿಗೂ ಗೊತ್ತಿರಬೇಕು. ಇನ್ನೊಂದು ಸಂಗತಿ ಅದಕ್ಕಿಂತ ಸೂಕ್ಷ್ಮವಾದದ್ದು. ವರ್ಷವಿಡೀ ಹರಿಯುವ ಒಂದೂ ನದಿಯಿಲ್ಲದ, ಸಾವಿರ ಅಡಿ ದಾಟಿ ಕೊರೆದ ಕೊಳವೆಬಾವಿಯೂ ಬತ್ತುವ ಜಿಲ್ಲೆಯವನಾದ ನನಗೆ ಆ ಚಿತ್ರದ ಎಡೆಬಿಡದ ಮಳೆ ಮೊದಲ ಸಲ ಬರೀ ಸಂತೋಷವನ್ನೇ ಕೊಟ್ಟಿತ್ತು. ಪಾತ್ರಗಳು ನೀರನ್ನು ಕಂಡು ಹೆದರುತ್ತಿರುವಾಗ ನಾನು ಆ ನೀರಿಗೆ ಆಸೆಪಟ್ಟು ಕುಳಿತಿದ್ದೆ. ಎರಡನೆಯ ಸಲ ನೋಡಿದಾಗ, ಹಿನ್ನೀರು ಏರಿದ್ದನ್ನು ಮಾತಿನಲ್ಲಿ ಹೇಳದೆ ನಿನ್ನೆ ಕಾಣುತ್ತಿದ್ದ ನೆಲ ಇಂದು ಕಾಣದಂತೆ ಮಾಡಿ ತೋರಿಸಿರುವ ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣದ ಶಕ್ತಿ ಅರಿವಿಗೆ ಬಂತು. ಕೊನೆಯಲ್ಲಿ, ರಾತ್ರಿಯಿಡೀ ಹೆಣಗಿ ಮನೆಯನ್ನು ಉಳಿಸಿಕೊಂಡ ನಾಗಿಯ ದುಡಿಮೆಯನ್ನು ಗಂಡ ಕಾಣದೆ ಎಲ್ಲವನ್ನೂ ದೇವರ ಲೆಕ್ಕಕ್ಕೆ ಬರೆಯುವ ಗಳಿಗೆಯಲ್ಲಿ ಸೌಂದರ್ಯ ಅವರ ಮುಖವನ್ನು ನೋಡಿ. ಆ ಮುಖವೊಂದಕ್ಕೆ ನಾನು ಅರ್ಧ ಪುಟ ಬರೆದಿದ್ದೇನೆ, ಇನ್ನೂ ಬರೆಯಬೇಕೆನಿಸುತ್ತದೆ. (ಕೊನೆಯನ್ನು ಬಹಿರಂಗಪಡಿಸಬಾರದೆಂಬ ನಿಯಮವನ್ನು ಹೊಸ ಚಿತ್ರಗಳ ವಿಷಯದಲ್ಲಿ ನಾನು ತಪ್ಪದೆ ಪಾಲಿಸುತ್ತೇನೆ, ಎರಡು ದಶಕ ಕಳೆದ ಚಿತ್ರದ ಅರ್ಥವೇ ಅದರ ಕೊನೆಯಲ್ಲಿದ್ದಾಗ ಅದನ್ನು ಮುಟ್ಟದೆ ಬರೆಯಲಾಗದು.)

ಕತೆ, ಕಾದಂಬರಿಗಳನ್ನು ಆಧರಿಸಿದ ಚಿತ್ರಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. “ಪುಸ್ತಕದಲ್ಲಿದ್ದಂತೆ ಇಲ್ಲ” ಎಂಬುದು ಗಮನಿಸಬೇಕಾದ ಸಂಗತಿಯೇ ಹೊರತು ತೀರ್ಪಲ್ಲ. ವೈದೇಹಿಯವರ ಕತೆಯಲ್ಲಿ ಊರಿಗೆ ಚಿತ್ರಮಂದಿರ ಬರುತ್ತದೆ. ಅದನ್ನು ಆಧರಿಸಿದ ‘ಗುಲಾಬಿ ಟಾಕೀಸ್’ (2008) ಚಿತ್ರದಲ್ಲಿ ಮೀನುಗಾರರ ನಡುವೆ ಬಾಳುವ ಸೂಲಗಿತ್ತಿಯ ಮನೆಗೆ ಟಿ.ವಿ., ಡಿಶ್ ಆಂಟೆನಾ ಬರುತ್ತವೆ. ಏನು ಬದಲಾಯಿತು ಎಂಬುದನ್ನು ಎಡಪುಟದಲ್ಲಿ ಬರೆದು, ಆ ಬದಲಾವಣೆಯಿಂದ ಏನು ಸಿಕ್ಕಿತು, ಏನು ಹೋಯಿತು ಎಂಬುದನ್ನು ಬಲಪುಟದಲ್ಲಿ ತೂಗಿ ನೋಡಿ. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಆ ಪಾತ್ರ ಸಿನಿಮಾ ಮೋಹಿತ ಪ್ರೇಕ್ಷಕಿಯದೇ ಆದ್ದರಿಂದ, ನೋಟ್‌ಬುಕ್ಕನ್ನು ಇಂದು ಆರಂಭಿಸುವವರು ಮೊದಲ ಪುಟಕ್ಕೆ ಈ ಚಿತ್ರವನ್ನು ಆರಿಸಿಕೊಳ್ಳಬಹುದು.

ಭಾಷೆಯ ವಿಷಯದಲ್ಲಿ ಕೋಲಾರದವರಿಗೆ ದೊಡ್ಡ ಅನುಕೂಲವಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗಣಿಯ ಕಡೆಗೆ ಹೋದರೆ ತಮಿಳು ಎಂಬಂತೆ ಬೆಳೆದ ನಾವು ಮೂರು ಭಾಷೆಗಳ ಚಿತ್ರಗಳನ್ನು ಮೂಲ ಧ್ವನಿಯಲ್ಲೇ ನೋಡಬಲ್ಲೆವು. ಡಬ್ ಆದ ಪ್ರತಿ ಸುಲಭವಾಗಿ ಸಿಕ್ಕರೂ ಮೂಲದಲ್ಲೇ ನೋಡಿ, ಏಕೆಂದರೆ ನಟನೆಯ ಬಹುಪಾಲು ದನಿಯಲ್ಲಿರುತ್ತದೆ. ಮಂಡ್ಯ ಸೀಮೆಯ ಹಳ್ಳಿಯಲ್ಲಿ ಅಲ್ಲಿಯ ಜನರನ್ನೇ ಪಾತ್ರಧಾರಿಗಳನ್ನಾಗಿ ಮಾಡಿಕೊಂಡು ತೆಗೆದ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗಳಿಸಿದ ‘ತಿಥಿ’ಯ ಬೈಗುಳಗಳಲ್ಲಿರುವ ಸಲುಗೆಯನ್ನು ಯಾವ ಅಡಿಬರಹವೂ ದಾಟಿಸಲಾರದು. ಭಾಷೆ ತಿಳಿಯದ ಚಿತ್ರಗಳಿಗೆ ಅಡಿಬರಹವೇ ಗತಿ. ನಮ್ಮ ತಾಯಿಗೆ ಅದನ್ನು ಓದುವಷ್ಟು ವೇಗವಿಲ್ಲದ ಕಾರಣ ಪಕ್ಕದಲ್ಲಿ ಕುಳಿತು ನಾನೇ ತೆಲುಗಿನಲ್ಲಿ ಮೆಲ್ಲಗೆ ಹೇಳುತ್ತಿರುತ್ತೇನೆ. ಹಾಗೆ ನೋಡಿದ ಚಿತ್ರಗಳು ನನ್ನ ನೆನಪಿನಲ್ಲಿ ಹೆಚ್ಚು ಗಟ್ಟಿಯಾಗಿ ಉಳಿದಿವೆ.

ಸಾಕ್ಷ್ಯಚಿತ್ರವನ್ನು ನೋಡುವಾಗ ಹೆಚ್ಚು ಎಚ್ಚರ ಬೇಕು, ಏಕೆಂದರೆ ಅಲ್ಲಿ ಕಾಣುವುದನ್ನೆಲ್ಲ ನಾವು ನಿಜವೆಂದೇ ನಂಬಿ ಕುಳಿತಿರುತ್ತೇವೆ. ರಾಬರ್ಟ್ ಫ್ಲಾಹರ್ಟಿ 1922ರಲ್ಲಿ ಹಿಮಪ್ರದೇಶದ ಇನ್ಯೂಟ್ ಜನರ ಮೇಲೆ ತೆಗೆದ ‘ನಾನೂಕ್ ಆಫ್ ದಿ ನಾರ್ತ್’ ಈ ಪ್ರಕಾರದ ಆದಿಯ ಕೃತಿಗಳಲ್ಲಿ ಒಂದು. ಅದರ ನಾಯಕನ ನಿಜವಾದ ಹೆಸರು ನಾನೂಕ್ ಅಲ್ಲ. ಆ ವೇಳೆಗೆ ಬಂದೂಕು ಬಳಸುತ್ತಿದ್ದವರ ಕೈಗೆ ಹಳೆಯ ಕಾಲದ ಈಟಿಯನ್ನು ಕೊಟ್ಟು ಬೇಟೆಯನ್ನು ಚಿತ್ರಿಸಲಾಯಿತು. ಮಂಜುಗಡ್ಡೆಯ ಮನೆಯೊಳಗೆ ಕ್ಯಾಮೆರಾಕ್ಕೆ ಬೆಳಕು ಸಾಲದೆಂದು ಒಂದು ಬದಿಯನ್ನು ತೆರೆದಿಟ್ಟು ಮನೆ ಕಟ್ಟಿಸಲಾಯಿತು. ಇಷ್ಟನ್ನು ತಿಳಿದ ಮೇಲೂ ಆ ಚಿತ್ರದ ಹಿಮಗಾಳಿ ಸುಳ್ಳೆಂದು ನನಗೆ ಅನ್ನಿಸುವುದಿಲ್ಲ. ಆದರೆ ಪ್ರತಿ ಸಾಕ್ಷ್ಯಚಿತ್ರದ ಎಡಪುಟದಲ್ಲಿ ಒಂದು ಪ್ರಶ್ನೆಯನ್ನು ಬರೆದುಕೊಳ್ಳುತ್ತೇನೆ: ಈ ದೃಶ್ಯ ನಡೆಯುವಾಗ ಕ್ಯಾಮೆರಾ ಎಲ್ಲಿತ್ತು, ಅಲ್ಲಿ ಮೊದಲೇ ಹೋಗಿ ಕಾದಿದ್ದವರು ಯಾರು? ಒಬ್ಬಂಟಿಯಾಗಿ ಅಳುತ್ತಿರುವವರ ಕೋಣೆಯಲ್ಲಿ ಕನಿಷ್ಠ ಇನ್ನೊಬ್ಬರು ಇದ್ದೇ ಇರುತ್ತಾರೆ.

ಇನ್ನೊಂದು ಅಭ್ಯಾಸವನ್ನೂ ಮಾಡಿ ನೋಡಿ. ನಮ್ಮ ರಾಜ್ಯದ ಕಾಡುಗಳ ಮೇಲಿನ ‘ವೈಲ್ಡ್ ಕರ್ನಾಟಕ’ ಚಿತ್ರಕ್ಕೆ ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ಅವರೂ ಕನ್ನಡದಲ್ಲಿ ರಿಷಬ್ ಶೆಟ್ಟಿಯವರೂ ನಿರೂಪಣೆ ಮಾಡಿದ್ದಾರೆ. ಹತ್ತು ನಿಮಿಷವನ್ನು ಧ್ವನಿಯಿಲ್ಲದೆ ನೋಡಿ, ಅದೇ ಹತ್ತು ನಿಮಿಷವನ್ನು ನಿರೂಪಣೆಯೊಂದಿಗೆ ಮತ್ತೆ ನೋಡಬೇಕು. ಯಾವ ಪ್ರಾಣಿಯ ಮೇಲೆ ನಮಗೆ ಮರುಕ ಹುಟ್ಟಬೇಕು, ಯಾವುದಕ್ಕೆ ಅಂಜಬೇಕು ಎಂಬುದರಲ್ಲಿ ಎಷ್ಟು ಪಾಲು ಸಂಗೀತದ್ದು, ಎಷ್ಟು ಮಾತಿನದು ಎಂಬುದು ಆಗ ತಾನಾಗಿ ಬಿಡಿಸಿಕೊಳ್ಳುತ್ತದೆ. ಇದಕ್ಕೆ ಪ್ರತಿಯಾಗಿ, ಮುದುಮಲೆಯ ಆನೆ ಶಿಬಿರದ ಬೊಮ್ಮನ್ ಮತ್ತು ಬೆಳ್ಳಿ ದಂಪತಿಯ ಮೇಲೆ ಕಾರ್ತಿಕಿ ಗೊನ್ಸಾಲ್ವಿಸ್ ತೆಗೆದ, 2023ರಲ್ಲಿ ಆಸ್ಕರ್ ಪಡೆದ ‘ದಿ ಎಲಿಫೆಂಟ್ ವಿಸ್ಪರರ್ಸ್’ನಲ್ಲಿ ಹೊರಗಿನ ನಿರೂಪಕರಿಲ್ಲ, ಕತೆಯನ್ನು ಆ ದಂಪತಿಯೇ ಹೇಳುತ್ತಾರೆ. ಸಾಕಿದ ಆನೆ ರಘುವನ್ನು ಬೇರೆಯವರಿಗೆ ಒಪ್ಪಿಸುವ ಭಾಗದಲ್ಲಿ ನಾನೂ ಕಣ್ಣೊರೆಸಿಕೊಂಡವನೇ. ಆದರೂ ಮುಗಿದ ಮೇಲೆ, ಆ ನಿರ್ಧಾರವನ್ನು ಮಾಡಿದವರು ತೆರೆಯ ಮೇಲೆ ಬಂದು ಕಾರಣ ಹೇಳಬೇಕಿತ್ತು ಎಂದು ನನ್ನ ಬಲಪುಟದಲ್ಲಿದೆ.

ಸಾಕ್ಷ್ಯಚಿತ್ರದಲ್ಲಿ ಕಾಣಿಸಿಕೊಂಡವರು ಆಮೇಲೆ ಏನು ಹೇಳಿದರು ಎಂದು ಹುಡುಕುವುದೂ ನೋಡುವ ಕೆಲಸದ ಒಂದು ಭಾಗ. ಉತ್ತರ ಭಾರತದ ಹಳ್ಳಿಗಾಡಿನ ಮಹಿಳೆಯರೇ ನಡೆಸುವ ಸುದ್ದಿಸಂಸ್ಥೆ ‘ಖಬರ್ ಲಹರಿಯಾ’ದ ಪತ್ರಕರ್ತೆಯರ ಮೇಲಿನ ‘ರೈಟಿಂಗ್ ವಿತ್ ಫೈರ್’ (2021) ಆಸ್ಕರ್ ಸ್ಪರ್ಧೆಯವರೆಗೆ ಹೋದಾಗ, ಆ ಸಂಸ್ಥೆಯೇ ಹೇಳಿಕೆ ನೀಡಿ, ಚಿತ್ರ ಪರಿಣಾಮಕಾರಿಯಾಗಿದ್ದರೂ ತಾವು ಒಂದೇ ಪಕ್ಷದ ವರದಿಯಲ್ಲಿ ಮುಳುಗಿದವರೆಂಬಂತೆ ತೋರಿಸಿರುವುದು ಸರಿಯಲ್ಲ ಎಂದಿತ್ತು. ಇದನ್ನು ಓದಿದ ಮೇಲೆ ನಾನು ಹಳೆಯ ಟಿಪ್ಪಣಿಯನ್ನು ಹೊಡೆದುಹಾಕಲಿಲ್ಲ, ಹೊಸ ದಿನಾಂಕ ಹಾಕಿ ಅದರ ಕೆಳಗೆ ಬರೆದೆ. ನೀವೂ ಹಾಗೆಯೇ ಮಾಡಿ. ಬದಲಾದ ಅಭಿಪ್ರಾಯದ ಜೊತೆಗೆ ಅದು ಏಕೆ ಬದಲಾಯಿತೆಂಬುದೂ ಪುಟದ ಮೇಲೆ ಇರಬೇಕು.

ನಮ್ಮದೇ ಊರಿನ ವಿಷಯದ ಚಿತ್ರವಾದರೆ ಸಾಮಾನ್ಯ ಪ್ರೇಕ್ಷಕನೇ ತಜ್ಞ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ಮೂಲಕ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಈ ಬಗ್ಗೆ ಹಲವು ಕಿರುಚಿತ್ರಗಳು ಮೊಬೈಲಿಗೆ ಬರುತ್ತಿರುತ್ತವೆ. ತುಂಬಿದ ಕೆರೆಯನ್ನು ಡ್ರೋನ್ ಮೇಲಿನಿಂದ ತೋರಿಸಿದಾಗ ಎದೆ ತುಂಬಿಬರುವುದು ಸಹಜ. ಆಗ ಎಡಪುಟದಲ್ಲಿ ಮಾತನಾಡಿದವರ ಪಟ್ಟಿ ಮಾಡಿ. ಕೊಳವೆಬಾವಿಯಲ್ಲಿ ನೀರು ಮೇಲೆ ಬಂದಿತೆನ್ನುವ ರೈತ, ಎರಡು ಹಂತಗಳ ಶುದ್ಧೀಕರಣ ಸಾಲದು, ಮೂರನೆಯದೂ ಬೇಕೆಂದು ಒತ್ತಾಯಿಸುತ್ತಿರುವವರು, ಆ ಕೆರೆಯಲ್ಲಿ ದನ ಮೈತೊಳೆಯುವವರು, ಇವರಲ್ಲಿ ಯಾರ ದನಿ ಇದೆ, ಯಾರದು ಇಲ್ಲ? ಕ್ಯಾಮೆರಾ ನೀರಿನ ಹತ್ತಿರಕ್ಕೆ ಎಷ್ಟು ಬಂತು? ಇದನ್ನು ಹೊರಗಿನ ವಿಮರ್ಶಕರು ಕೇಳುವುದಕ್ಕಿಂತ ಆ ಕೆರೆಯ ಏರಿಯ ಮೇಲೆ ದಿನವೂ ನಡೆಯುವವರು ಕೇಳಿದರೆ ಹೆಚ್ಚು ಬೆಲೆ.

ಊರಿನವರೆಂಬ ಅಧಿಕಾರವನ್ನು ನ್ಯಾಯವಾಗಿ ಬಳಸುವುದೂ ಗೊತ್ತಿರಬೇಕು. ‘ಕೆ.ಜಿ.ಎಫ್’ ಚಿತ್ರದ ನರಾಚಿ ಕಲ್ಪಿತ ಗಣಿ. ಜೀತದಾಳುಗಳ ಆ ಲೋಕಕ್ಕೂ 1956ರಲ್ಲಿ ಮೈಸೂರು ಸರ್ಕಾರದ, 1962ರಲ್ಲಿ ಕೇಂದ್ರ ಸರ್ಕಾರದ ವಶಕ್ಕೆ ಬಂದು 2001ರ ಫೆಬ್ರುವರಿ 28ರಂದು ಮುಚ್ಚಿದ ನಿಜವಾದ ಗಣಿಗೂ ಹೋಲಿಕೆ ಬಹಳ ಕಡಿಮೆ. ಚರಿತ್ರೆಯೆಂದು ಹೇಳಿಕೊಳ್ಳದ ಚಿತ್ರವನ್ನು ಚರಿತ್ರೆಯಲ್ಲವೆಂದು ದೂರುವುದು ಸರಿಯಲ್ಲ ಎಂದು ನಾನು ಈಗಲೂ ನಂಬಿದ್ದೇನೆ. ಆದರೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್ ಗಣಿಯ ಕತ್ತಲೆ ಮತ್ತು ಶಾಖ, ಚಿನ್ನ ತೆಗೆದ ಮೇಲೆ ಉಳಿದ ತ್ಯಾಜ್ಯದ ಸಯನೈಡ್ ದಿಬ್ಬಗಳಿಂದ ಗಾಳಿಗೆ ಏಳುವ ದೂಳು, ಗಣಿ ಮುಚ್ಚಿದ ಮೇಲೆ ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರ ಬದುಕು ಒಂದು ದೊಡ್ಡ ಚಿತ್ರಕ್ಕೆ ಕಾದು ಕುಳಿತಿವೆ ಎಂಬುದನ್ನೂ ಅದೇ ಪುಟದಲ್ಲಿ ಬರೆದಿದ್ದೇನೆ.

ಬರೆದದ್ದನ್ನು ಇತರರಿಗೆ ಓದಿಸುವ ಮನಸ್ಸಾದರೆ ಎರಡೂ ಪುಟಗಳನ್ನು ಸೇರಿಸಿ ಇನ್ನೂರು ಪದಗಳಲ್ಲಿ ಮುಗಿಸಿ. ನಕ್ಷತ್ರಗಳನ್ನು ಕೊಡಬೇಡಿ. “ಬೋರು”, “ಸೂಪರ್” ಎಂಬ ಪದಗಳು ಬಂದಲ್ಲೆಲ್ಲ ನಿಲ್ಲಿಸಿ, ಎಷ್ಟನೆಯ ನಿಮಿಷದಲ್ಲಿ, ಏನನ್ನು ಕಂಡು ಹಾಗನ್ನಿಸಿತೆಂದು ಬರೆಯಿರಿ. ಹೆಸರುಗಳನ್ನು ನೆನಪಿನಿಂದ ಬರೆಯದೆ ಚಿತ್ರದ ಕೊನೆಯ ಶೀರ್ಷಿಕೆಗಳಿಂದ ಇಳಿಸಿಕೊಳ್ಳಿ; ಚಿತ್ರಮಂದಿರದಲ್ಲಿ ಎಲ್ಲರೂ ಎದ್ದು ಬಾಗಿಲಿನತ್ತ ನುಗ್ಗುವಾಗ ಎರಡು ನಿಮಿಷ ಕುಳಿತಿದ್ದರೆ, ಶಬ್ದಗ್ರಹಣ ಮಾಡಿದವರ ಹೆಸರೂ ಕಣ್ಣಿಗೆ ಬೀಳುತ್ತದೆ.